ಕಾರ್ಟ್ ಖಾಲಿ, ಲಾಗಿನ್ ಮಾಯ: ಪಿಎಚ್‌ಪಿ ಸೆಷನ್ ದೋಷ ಹುಡುಕುವ ಬಗೆ

ಕನ್ನಡ ಪುಸ್ತಕ ಮಾರುವ ಒಂದು ಸಣ್ಣ ವೆಬ್‌ಸೈಟನ್ನು ನಾನು ನೋಡಿಕೊಳ್ಳುತ್ತೇನೆ. ಒಂದು ಬೆಳಿಗ್ಗೆ ಗ್ರಾಹಕರೊಬ್ಬರು ಫೋನ್ ಮಾಡಿದರು. "ದುಡ್ಡು ಕಟ್ ಆಗಿದೆ ಸರ್, ಬ್ಯಾಂಕಿನ ಮೆಸೇಜೂ ಬಂತು. ಆದರೆ ನಿಮ್ಮ ಸೈಟಿಗೆ ವಾಪಸ್ ಬಂದರೆ ಕಾರ್ಟ್ ಖಾಲಿ ಅಂತ ತೋರಿಸ್ತಿದೆ. ಮತ್ತೆ ಲಾಗಿನ್ ಆಗಿ ಅಂತಿದೆ" ಅಂದರು. ನಾನು ಆಗಲೇ ಕೂತು ಒಂದು ಪುಸ್ತಕ ಆರ್ಡರ್ ಮಾಡಿ ನೋಡಿದೆ. ಎಲ್ಲ ಸರಿಯಾಗಿತ್ತು. ಐದು ಸಲ ಮಾಡಿದೆ, ಐದು ಸಲವೂ ಸರಿ. ಸಂಜೆ ಇನ್ನಿಬ್ಬರಿಂದ ಅದೇ ದೂರು ಬಂತು.

ಕಾರಣ ಸಿಗಲು ಎರಡು ದಿನ ಹಿಡಿಯಿತು. ಮೊದಲ ದಿನ ಊಹೆಯ ಮೇಲೆ ಸೆಟ್ಟಿಂಗ್ ಬದಲಾಯಿಸುತ್ತಾ ಹೋದೆ. ಟೈಮ್‌ಔಟ್ ಹೆಚ್ಚಿಸಿದೆ, ಸೆಷನ್ ಫೋಲ್ಡರ್ ಬದಲಿಸಿದೆ. ಏನೂ ಆಗಲಿಲ್ಲ. ಎರಡನೇ ದಿನ ಊಹೆ ಬಿಟ್ಟು ಲಾಗ್ (ಸರ್ವರಿನಲ್ಲಿ ಏನೇನು ನಡೆಯಿತೆಂಬ ದಾಖಲೆ) ಬರೆಯಲು ಶುರುಮಾಡಿದೆ, ಮಧ್ಯಾಹ್ನದೊಳಗೆ ಉತ್ತರ ಸಿಕ್ಕಿತು. ಆ ಎರಡನೇ ದಿನದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಲಿನಕ್ಸ್ ಸರ್ವರಿನಲ್ಲಿ ಪಿಎಚ್‌ಪಿ (ವೆಬ್ ಪುಟ ಕಟ್ಟುವ ಪ್ರೋಗ್ರಾಮಿಂಗ್ ಭಾಷೆ) 7.3 ಅಥವಾ ಅದಕ್ಕಿಂತ ಹೊಸದು ಓಡುತ್ತಿದೆ ಅಂದುಕೊಂಡಿದ್ದೇನೆ.

ಟೋಕನ್ ಮತ್ತು ಗೂಡು

ದೇವಸ್ಥಾನದ ಮುಂದಿನ ಚಪ್ಪಲಿ ಸ್ಟ್ಯಾಂಡ್ ನೆನಪು ಮಾಡಿಕೊಳ್ಳಿ. ಚಪ್ಪಲಿ ಗೂಡಿನಲ್ಲಿರುತ್ತದೆ, ನಮ್ಮ ಕೈಯಲ್ಲಿ ಬರೀ ಟೋಕನ್. ಸೆಷನ್, ಅಂದರೆ ಗ್ರಾಹಕರನ್ನು ಪುಟದಿಂದ ಪುಟಕ್ಕೆ ನೆನಪಿಟ್ಟುಕೊಳ್ಳುವ ವ್ಯವಸ್ಥೆ, ಕೂಡ ಹಾಗೇ. ಬ್ರೌಸರ್ ಕೈಯಲ್ಲಿರುವುದು ಒಂದು ಕುಕೀ. ಅದರೊಳಗೆ ಒಂದು ಐಡಿ ಮಾತ್ರ ಇರುತ್ತದೆ. ಕಾರ್ಟ್, ಹೆಸರು, ಲಾಗಿನ್ ಗುರುತು ಎಲ್ಲ ಸರ್ವರಿನ ಒಂದು ಫೈಲಿನಲ್ಲಿರುತ್ತದೆ.

ಹಾಗಾಗಿ "ಸೆಷನ್ ಹೋಯ್ತು" ಅನ್ನುವ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ದೋಷಗಳಿರಬಹುದು. ಟೋಕನ್ ವಾಪಸ್ ಬರಲಿಲ್ಲ. ಟೋಕನ್ ಬಂತು, ಗೂಡು ಖಾಲಿ. ಟೋಕನ್ನೂ ಇದೆ, ಗೂಡೂ ಇದೆ, ಒಳಗಿನ ಒಂದು ವಸ್ತುವನ್ನು ನಮ್ಮ ಕೋಡೇ ತೆಗೆದಿದೆ. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ನನ್ನ ಸೈಟಿನಲ್ಲಿ ಟೋಕನ್ನೇ ಬರುತ್ತಿರಲಿಲ್ಲ. ನಾನು ಮೊದಲ ದಿನವಿಡೀ ಗೂಡು ರಿಪೇರಿ ಮಾಡುತ್ತಿದ್ದೆ.

ಮೊದಲ ಕೆಲಸ: ಒಂದು ಸಾಲಿನ ಲಾಗ್

ಎಲ್ಲ ಪುಟಗಳಿಗೂ ಸೇರುವ ಫೈಲ್ ಒಂದು ಇರುತ್ತದೆ ಅಲ್ವಾ, ಅದರಲ್ಲಿ ಸೆಷನ್_ಸ್ಟಾರ್ಟ್ ಕರೆಯುವ ಜಾಗಕ್ಕೆ ಹೋಗಿ. ಕರೆಯುವುದಕ್ಕೆ ಮೊದಲೇ, ಬ್ರೌಸರ್ ಕಳಿಸಿದ ಕುಕೀಯಲ್ಲಿ ಯಾವ ಐಡಿ ಇದೆ ಎಂದು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ. ಕರೆದ ಮೇಲೆ ಸಮಯ, ಪುಟದ ವಿಳಾಸ, ಬ್ರೌಸರ್ ಬಂದ ವಿಧಾನ (ಪುಟ ಕೇಳುವ ಗೆಟ್ ಅಥವಾ ಫಾರ್ಮ್ ಕಳಿಸುವ ಪೋಸ್ಟ್), ಕುಕೀಯಲ್ಲಿ ಬಂದ ಐಡಿ, ಈಗ ಪಿಎಚ್‌ಪಿ ಹಿಡಿದಿರುವ ಐಡಿ, ಸೆಷನ್‌ನಲ್ಲಿರುವ ಕೀಗಳ (ಒಳಗಿನ ಒಂದೊಂದು ವಸ್ತುವಿನ) ಹೆಸರು, ಇಷ್ಟನ್ನೂ ಒಂದೇ ಸಾಲಿನಲ್ಲಿ ಲಾಗ್‌ಗೆ ಬರೆಯಿರಿ. ಇಂಥದ್ದೇ ಇನ್ನೊಂದು ಸಾಲನ್ನು ಸ್ಕ್ರಿಪ್ಟ್ ಮುಗಿಯುವಾಗ ಬರೆಸಿ. ರಿಜಿಸ್ಟರ್_ಶಟ್‌ಡೌನ್_ಫಂಕ್ಷನ್ ಅದಕ್ಕೇ ಇದೆ. ಅದು ಓಡುವ ಹೊತ್ತಿಗೆ ಸೆಷನ್ ಇನ್ನೂ ಕೈಗೆ ಸಿಗುತ್ತದೆ.

ಐಡಿಯನ್ನು ಇದ್ದ ಹಾಗೇ ಬರೆಯಬೇಡಿ. ಅದು ಸಿಕ್ಕವರು ಆ ಗ್ರಾಹಕರ ಹೆಸರಿನಲ್ಲೇ ಒಳಗೆ ಬರಬಹುದು. ಹ್ಯಾಶ್ ಮಾಡಿ (ಮೂಲ ಐಡಿ ತಿಳಿಯದ ಹಾಗೆ ಬೇರೆ ಅಕ್ಷರಗಳಾಗಿ ಮಾರ್ಪಡಿಸಿ) ಮೊದಲ 8 ಅಕ್ಷರ ಬರೆದರೆ ಸಾಕು. ಕೀಗಳೊಳಗಿನ ಮಾಹಿತಿಯನ್ನೂ ಬರೆಯಬೇಡಿ, ಹೆಸರು ಸಾಕು.

ಈಗ ದೂರು ಬಂದ ಸಮಯದ ಸಾಲುಗಳನ್ನು ತೆಗೆದು ಓದಿ. ಕುಕೀ ಜಾಗ ಖಾಲಿಯಿದ್ದರೆ ಟೋಕನ್ ಬಂದಿಲ್ಲ. ಕುಕೀ ಬಂದಿದ್ದು ಕೀಗಳೆಲ್ಲ ಖಾಲಿಯಿದ್ದರೆ ಗೂಡಿನ ದೋಷ. ಕುಕೀ ಸರಿ, ಬೇರೆ ಕೀಗಳೂ ಇವೆ, ಒಂದೇ ಒಂದು ಕಾಣೆಯಾಗಿದ್ದರೆ ಕೋಡಿನ ದೋಷ.

ಇಲ್ಲಿ ಒಂದು ಸೂಕ್ಷ್ಮ ಇದೆ. ಗೂಡು ಅಳಿಸಿಹೋಗಿದ್ದರೂ ಪಿಎಚ್‌ಪಿ ಸುಮ್ನೆ ಅದೇ ಐಡಿಯಲ್ಲಿ ಹೊಸ ಖಾಲಿ ಗೂಡು ಮಾಡಿಕೊಡುತ್ತದೆ. ಯೂಸ್_ಸ್ಟ್ರಿಕ್ಟ್_ಮೋಡ್ ಎಂಬ ಸೆಟ್ಟಿಂಗನ್ನು 1 ಮಾಡಿದ್ದರೆ ಆ ಐಡಿಯನ್ನು ಒಪ್ಪದೆ ಬೇರೆ ಐಡಿ ಕೊಡುತ್ತದೆ. ಅದಕ್ಕೇ ಬಂದ ಐಡಿ, ಹಿಡಿದಿರುವ ಐಡಿ ಎರಡನ್ನೂ ಬರೆಯಲು ಹೇಳಿದ್ದು. ಒಂದನ್ನೇ ನೋಡಿದರೆ "ಐಡಿ ಬದಲಾಗಿದೆ, ಕುಕೀ ದೋಷ" ಅಂತ ತಪ್ಪು ದಾರಿ ಹಿಡಿಯುತ್ತೀರಿ. ಭದ್ರತೆಗೆ ಆ ಸೆಟ್ಟಿಂಗ್ 1 ಇರುವುದೇ ಒಳ್ಳೆಯದು. ಮೊದಲಿಂದ ಅದು 0 ಆಗಿ ಬರುತ್ತದೆ.

ಟೋಕನ್ ಬರದಿದ್ದಾಗ

ಒಬ್ಬ ಗ್ರಾಹಕರಿಗೂ ಸೆಷನ್ ನಿಲ್ಲುತ್ತಿಲ್ಲ ಅಂದರೆ ಕುಕೀ ಹೊರಟೇ ಇಲ್ಲ ಅನ್ನಬಹುದು. ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು, ನೆಟ್‌ವರ್ಕ್ ಟ್ಯಾಬಿನಲ್ಲಿ ಸರ್ವರ್ ಉತ್ತರದ ಹೆಡರ್‌ಗಳನ್ನು (ಪುಟಕ್ಕಿಂತ ಮೊದಲು ಹೋಗುವ ಸಾಲುಗಳನ್ನು) ನೋಡಿ. ಸೆಟ್-ಕುಕೀ ಸಾಲು ಇಲ್ಲದಿದ್ದರೆ ಎರರ್ ಲಾಗ್‌ನಲ್ಲಿ "ಹೆಡರ್ಸ್ ಆಲ್ರೆಡಿ ಸೆಂಟ್" ಎಂಬ ಎಚ್ಚರಿಕೆ ಇದೆಯಾ ನೋಡಿ. ಕುಕೀ ಹೋಗುವುದು ಹೆಡರಿನಲ್ಲಿ. ಪುಟದ ಒಂದು ಅಕ್ಷರ ಹೊರಟರೂ ಹೆಡರಿನ ಬಾಗಿಲು ಮುಚ್ಚುತ್ತದೆ. ಎಚ್ಚರಿಕೆಯಲ್ಲೇ ಫೈಲಿನ ಹೆಸರು, ಸಾಲಿನ ನಂಬರ್ ಇರುತ್ತದೆ. ಸಾಮಾನ್ಯವಾಗಿ ಪಿಎಚ್‌ಪಿ ಟ್ಯಾಗ್ ಮುಚ್ಚಿದ ಮೇಲೆ ಉಳಿದ ಖಾಲಿ ಸಾಲುಗಳು ಕಾರಣ. ಬರೀ ಪಿಎಚ್‌ಪಿ ಇರುವ ಫೈಲಿನಲ್ಲಿ ಕೊನೆಯ ಟ್ಯಾಗನ್ನು ಮುಚ್ಚದೇ ಬಿಡಿ, ಅದು ಸರಿಯಾದ ಅಭ್ಯಾಸವೇ.

ಎಚ್ಚರಿಕೆ ಮೊದಲ ಸಾಲನ್ನೇ ತೋರಿಸುತ್ತಿದ್ದು, ಅಲ್ಲಿ ಕಣ್ಣಿಗೆ ಏನೂ ಕಾಣದಿದ್ದರೆ ಅದು ಬಿಒಎಂ. ಯುಟಿಎಫ್-8 ಫೈಲಿನ ತಲೆಯಲ್ಲಿ ಕೂರುವ, ಕಾಣದ 3 ಬೈಟ್‌ಗಳು. ಕನ್ನಡದಲ್ಲಿ ಕೆಲಸ ಮಾಡುವ ನಮಗೆ ಇದು ಜಾಸ್ತಿ ಎದುರಾಗುತ್ತದೆ. ಇಂಗ್ಲಿಷ್ ಮಾತ್ರ ಇದ್ದ ಫೈಲಿಗೆ ಒಂದು ಕನ್ನಡ ಸಂದೇಶ ಸೇರಿಸುತ್ತೇವೆ, ನೋಟ್‌ಪ್ಯಾಡಿನಲ್ಲಿ ಯುಟಿಎಫ್-8 ಅಂತ ಉಳಿಸುತ್ತೇವೆ. ವಿಂಡೋಸ್ 10ರ 2019ರ ಅಪ್‌ಡೇಟಿಗೆ ಮುಂಚಿನ ನೋಟ್‌ಪ್ಯಾಡ್ ಆಗ ಬಿಒಎಂ ಸೇರಿಸಿಬಿಡುತ್ತದೆ. ನಿನ್ನೆವರೆಗೆ ನಡೆಯುತ್ತಿದ್ದ ಲಾಗಿನ್ ಇವತ್ತು ನಿಂತುಹೋಗುತ್ತದೆ. ಬೇರೆ ಎಡಿಟರಿನಲ್ಲಿ ತೆರೆದು "ಬಿಒಎಂ ಇಲ್ಲದ ಯುಟಿಎಫ್-8" ಅಂತ ಉಳಿಸಿದರೆ ಮುಗಿಯಿತು. ಔಟ್‌ಪುಟ್ ಬಫರಿಂಗ್ (ಪುಟವನ್ನು ಸ್ವಲ್ಪ ಹಿಡಿದಿಟ್ಟು ಆಮೇಲೆ ಕಳಿಸುವ ವ್ಯವಸ್ಥೆ) ಆನ್ ಇರುವ ಸರ್ವರಿನಲ್ಲಿ ಇದೇ ತಪ್ಪು ಮುಚ್ಚಿಹೋಗಿರುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಸರಿ, ಹೋಸ್ಟಿಂಗ್‌ನಲ್ಲಿ ಕೆಟ್ಟದ್ದು ಅಂದರೆ ಇದನ್ನು ಮೊದಲು ನೋಡಿ.

ಕುಕೀ ಹೊರಟಿದೆ, ಬ್ರೌಸರ್ ವಾಪಸ್ ತರುತ್ತಿಲ್ಲ ಅಂದರೆ ವಿಳಾಸ ನೋಡಿ. ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವ ವಿಳಾಸದಲ್ಲಿ ಕೊಟ್ಟ ಟೋಕನ್ ಅದು ಇಲ್ಲದ ವಿಳಾಸದಲ್ಲಿ ನಡೆಯುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿ, ಇನ್ನೊಂದನ್ನು ಅಲ್ಲಿಗೆ ರೀಡೈರೆಕ್ಟ್ ಮಾಡಿ. ಕುಕೀಗೆ ಸೆಕ್ಯೂರ್ ಗುರುತು ಇದ್ದರೆ ಎಚ್‌ಟಿಟಿಪಿಎಸ್ ಇಲ್ಲದ ಪುಟಕ್ಕೆ ಅದು ಹೋಗುವುದಿಲ್ಲ ಎನ್ನುವುದೂ ನೆನಪಿರಲಿ.

ಕುಕೀ ಡೊಮೇನ್ ಸೆಟ್ಟಿಂಗನ್ನು ಇತ್ತೀಚೆಗೆ ಬದಲಾಯಿಸಿದ್ದೀರಾ? ಹಾಗಿದ್ದರೆ ಹಳೇ ಗ್ರಾಹಕರ ಬ್ರೌಸರಿನಲ್ಲಿ ಒಂದೇ ಹೆಸರಿನ ಎರಡು ಕುಕೀ ಕೂತಿರಬಹುದು. ಎರಡೂ ಬರುತ್ತವೆ, ಪಿಎಚ್‌ಪಿ ಮೊದಲನೆಯದನ್ನು ಹಿಡಿಯುತ್ತದೆ. ಅದು ಹಳೆಯದಾದರೆ ಎಷ್ಟು ಸಲ ಲಾಗಿನ್ ಮಾಡಿದರೂ ಒಳಗೆ ಹೋಗಲು ಆಗದಿರಬಹುದು. ಹೊಸಬರಿಗೆ ಏನೂ ತೊಂದರೆ ಇಲ್ಲ. ಡೊಮೇನ್ ಬದಲಾಯಿಸುವಾಗ ಸೆಷನ್ ಹೆಸರನ್ನೂ ಬದಲಾಯಿಸಿ, ಈ ಗೊಂದಲವೇ ಬರುವುದಿಲ್ಲ.

ಪೇಮೆಂಟ್ ಮುಗಿಸಿ ಬಂದವರ ಟೋಕನ್ ಎಲ್ಲಿ ಹೋಯಿತು

ಈಗ ನನ್ನ ಪುಸ್ತಕದಂಗಡಿಯ ಕಥೆಗೆ ಬರುತ್ತೇನೆ. ಲಾಗ್‌ನಲ್ಲಿ ಕಂಡದ್ದು ಇಷ್ಟು. ಪೇಮೆಂಟ್ ಪುಟಕ್ಕೆ ಹೋಗುವವರೆಗೆ ಎಲ್ಲ ಸಾಲಿನಲ್ಲೂ ಒಂದೇ ಐಡಿ. ಪೇಮೆಂಟ್ ಗೇಟ್‌ವೇಯಿಂದ (ನಮ್ಮ ಪರವಾಗಿ ದುಡ್ಡು ಪಡೆಯುವ ಸೇವೆಯ ಸೈಟಿನಿಂದ) ವಾಪಸ್ ಬಂದ ಸಾಲಿನಲ್ಲಿ ಕುಕೀ ಖಾಲಿ, ವಿಧಾನ ಪೋಸ್ಟ್. ಅದರ ನಂತರದ ಎಲ್ಲ ಸಾಲುಗಳಲ್ಲೂ ಹೊಸ ಐಡಿ.

ಕಾರಣ ಕುಕೀಯ ಸೇಮ್‌ಸೈಟ್ ನಿಯಮ, ಅಂದರೆ ಬೇರೆ ಸೈಟಿನಿಂದ ಬರುವಾಗ ಕುಕೀ ಜೊತೆಗೆ ಬರಬೇಕೋ ಬೇಡವೋ ಎನ್ನುವ ನಿಯಮ. 2020ರ ಫೆಬ್ರವರಿಯಲ್ಲಿ ಬಂದ ಕ್ರೋಮ್ 80ರ ಜೊತೆ ಈ ಬದಲಾವಣೆ ಶುರುವಾಯಿತು. ಕೋವಿಡ್ ಕಾರಣಕ್ಕೆ ಏಪ್ರಿಲ್‌ನಲ್ಲಿ ನಿಲ್ಲಿಸಿ, ಜುಲೈನಲ್ಲಿ ಮತ್ತೆ ಜಾರಿಗೆ ತಂದರು. ಸೇಮ್‌ಸೈಟ್ ಏನೆಂದು ಹೇಳದ ಕುಕೀಯನ್ನು ಕ್ರೋಮ್ "ಲ್ಯಾಕ್ಸ್" ಎಂದು ಎಣಿಸುತ್ತದೆ. ಲ್ಯಾಕ್ಸ್ ಕುಕೀ, ಬೇರೆ ಸೈಟಿನಿಂದ ಲಿಂಕ್ ಒತ್ತಿ ಬಂದರೆ ಜೊತೆಗೆ ಬರುತ್ತದೆ. ಬೇರೆ ಸೈಟಿನಿಂದ ಪೋಸ್ಟ್ ಮಾಡಿದರೆ ಬರುವುದಿಲ್ಲ. ನನ್ನ ಗೇಟ್‌ವೇ ಗ್ರಾಹಕರನ್ನು ಪೋಸ್ಟ್ ಮೂಲಕವೇ ವಾಪಸ್ ಕಳಿಸುತ್ತಿತ್ತು.

ಹಾಗಾದರೆ ನನಗೆ ಐದು ಸಲವೂ ಸರಿಯಾಗಿದ್ದು ಹೇಗೆ? ಸೇಮ್‌ಸೈಟ್ ಹೇಳದ ಕುಕೀಗೆ ಕ್ರೋಮ್ ಒಂದು ರಿಯಾಯಿತಿ ಕೊಟ್ಟಿದೆ. ಕುಕೀ ಹುಟ್ಟಿ 2 ನಿಮಿಷ ಆಗಿಲ್ಲದಿದ್ದರೆ ಇಂಥ ಪೋಸ್ಟ್ ಜೊತೆಗೂ ಬಿಡುತ್ತದೆ. ನಾನು ಪ್ರತಿ ಸಲ ಹೊಸ ಇನ್‌ಕಾಗ್ನಿಟೋ ವಿಂಡೋ ತೆರೆದು, ಗೊತ್ತಿದ್ದ ಪುಸ್ತಕ ಹಾಕಿ, ಟೆಸ್ಟ್ ಕಾರ್ಡಿನಲ್ಲಿ ಒಂದೂವರೆ ನಿಮಿಷದೊಳಗೆ ಮುಗಿಸುತ್ತಿದ್ದೆ. ನಿಜವಾದ ಗ್ರಾಹಕರು ಪುಸ್ತಕಗಳನ್ನು ನೋಡುತ್ತಾರೆ, ವಿಳಾಸ ಬರೆಯುತ್ತಾರೆ, ಒಟಿಪಿಗೆ ಕಾಯುತ್ತಾರೆ. ಅವರ ಕುಕೀಗೆ ಹತ್ತು ನಿಮಿಷ ವಯಸ್ಸಾಗಿರುತ್ತದೆ. ನಾನೂ ಕಾಫಿ ಕುಡಿದು ಬಂದು ಪೇಮೆಂಟ್ ಮಾಡಿದಾಗ ಅದೇ ದೋಷ ಕಣ್ಣೆದುರು ಬಂತು. ಹಾಗಾಗಿ ಪೇಮೆಂಟ್ ಪರೀಕ್ಷೆ ಮಾಡುವಾಗ ಐದು ನಿಮಿಷ ಕಾಯ್ದು ಮಾಡಿ, ದಯವಿಟ್ಟು.

ಇನ್ನೊಂದು ಏಟು ಇದೆ. ಕುಕೀ ಬರದಿದ್ದಾಗ ನಮ್ಮ ವಾಪಸಾತಿ ಪುಟ ಸೆಷನ್_ಸ್ಟಾರ್ಟ್ ಕರೆಯುತ್ತದೆ. ಪಿಎಚ್‌ಪಿ ಹೊಸಬರು ಬಂದರು ಅಂದುಕೊಂಡು ಹೊಸ ಟೋಕನ್ ಕೊಡುತ್ತದೆ. ಅದು ಬ್ರೌಸರಿನಲ್ಲಿದ್ದ ಹಳೆಯ ಟೋಕನ್ ಮೇಲೇ ಕೂರುತ್ತದೆ. ಗೂಡು ಸರ್ವರಿನಲ್ಲಿ ಹಾಗೇ ಇದೆ, ಆದರೆ ಅದರ ಟೋಕನ್ ಯಾರ ಕೈಯಲ್ಲೂ ಇಲ್ಲ. ಅದಕ್ಕೇ ಕಾರ್ಟ್ ಜೊತೆ ಲಾಗಿನ್ನೂ ಹೋಗುತ್ತಿದ್ದದ್ದು.

ಮದ್ದು ಎರಡು ಥರ ಇದೆ. ಕುಕೀಗೆ ಸೇಮ್‌ಸೈಟ್ "ನನ್" (None) ಮತ್ತು ಸೆಕ್ಯೂರ್ ಎರಡೂ ಹಾಕಬಹುದು, ಪಿಎಚ್‌ಪಿ 7.3ರಿಂದ ಅದಕ್ಕೆ ಸೆಟ್ಟಿಂಗ್ ಇದೆ. ಆಗ ಕುಕೀ ಬರುತ್ತದೆ. ಆದರೆ ಬೇರೆ ಸೈಟುಗಳಿಂದ ಕಳ್ಳ ಫಾರ್ಮ್ ಕಳಿಸುವವರಿಗೂ ಅದೇ ಬಾಗಿಲು ತೆರೆಯುತ್ತದೆ. ಒಂದು ಪುಟಕ್ಕೋಸ್ಕರ ಇಡೀ ಸೈಟಿನ ಬೀಗ ಸಡಿಲ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ನಾನು ಮಾಡಿದ್ದು ಇನ್ನೊಂದು. ಪೇಮೆಂಟಿಗೆ ಕಳಿಸುವ ಮೊದಲೇ ಆರ್ಡರನ್ನು ಡೇಟಾಬೇಸಿನಲ್ಲಿ "ಬಾಕಿ" ಎಂದು ಬರೆದು, ಅದರ ನಂಬರನ್ನು ಗೇಟ್‌ವೇಗೆ ಕೊಡುತ್ತೇನೆ. ವಾಪಸಾತಿ ಪುಟ ಸೆಷನ್_ಸ್ಟಾರ್ಟ್ ಕರೆಯುವುದೇ ಇಲ್ಲ. ಗೇಟ್‌ವೇಯ ಸಹಿ ತಾಳೆ ನೋಡುತ್ತದೆ, ಮೊತ್ತ ನೋಡುತ್ತದೆ, ಆರ್ಡರ್ ನಂಬರಿನ ಮುಂದೆ "ಪಾವತಿಯಾಗಿದೆ" ಎಂದು ಬರೆಯುತ್ತದೆ. ಆಮೇಲೆ 303 ಉತ್ತರ ಕೊಟ್ಟು ಧನ್ಯವಾದದ ಪುಟಕ್ಕೆ ರೀಡೈರೆಕ್ಟ್ ಮಾಡುತ್ತದೆ. ಆ ಪುಟಕ್ಕೆ ಬ್ರೌಸರ್ ಬರುವುದು ಗೆಟ್ ಮೂಲಕ, ಆದ್ದರಿಂದ ಲ್ಯಾಕ್ಸ್ ಕುಕೀ ಜೊತೆಗೇ ಬರುತ್ತದೆ. ಗ್ರಾಹಕರ ಹಳೇ ಟೋಕನ್, ಹಳೇ ಗೂಡು, ಎಲ್ಲ ಇದ್ದಲ್ಲೇ ಇರುತ್ತದೆ. 307 ಮಾತ್ರ ಕೊಡಬೇಡಿ, ಅದು ಪೋಸ್ಟನ್ನು ಪೋಸ್ಟಾಗಿಯೇ ಮುಂದೆ ಕಳಿಸುತ್ತದೆ.

ಗ್ರಾಹಕರು ಪೇಮೆಂಟ್ ಮಾಡಿ ಬ್ರೌಸರ್ ಮುಚ್ಚಿಬಿಟ್ಟರೆ? ಗೇಟ್‌ವೇ ಸರ್ವರ್ ನೇರವಾಗಿ ನಮ್ಮ ಸರ್ವರಿಗೆ ತಿಳಿಸುವ ವೆಬ್‌ಹುಕ್ ಸೌಲಭ್ಯವಿದ್ದರೆ ಅದನ್ನೂ ಹಾಕಿಕೊಳ್ಳಿ. ದುಡ್ಡಿನ ಲೆಕ್ಕವನ್ನು ಸೆಷನ್ ಮೇಲೆ ಬಿಡುವ ಹಾಗಿಲ್ಲ.

ಗೂಡು ಖಾಲಿಯಾದಾಗ

"ಸ್ವಲ್ಪ ಹೊತ್ತು ಬಿಟ್ಟು ಬಂದರೆ ಲಾಗಿನ್ ಹೋಗಿರುತ್ತೆ" ಎನ್ನುವ ದೂರು ಇಲ್ಲಿಗೆ ಸೇರುತ್ತದೆ. ಪಿಎಚ್‌ಪಿಯಲ್ಲಿ ಜಿಸಿ_ಮ್ಯಾಕ್ಸ್‌ಲೈಫ್‌ಟೈಮ್ ಮೊದಲಿಂದ 1440 ಸೆಕೆಂಡ್, ಅಂದರೆ 24 ನಿಮಿಷ. ಅಷ್ಟು ಹೊತ್ತು ಮುಟ್ಟದ ಗೂಡನ್ನು ಗುಡಿಸಬಹುದು ಎಂದು ಅದರ ಅರ್ಥ. ಆ ಕ್ಷಣಕ್ಕೇ ಗುಡಿಸುತ್ತದೆ ಎಂದಲ್ಲ. ಗುಡಿಸುವ ಕೆಲಸ ನಡೆಯುವುದು ಯಾರೋ ಒಬ್ಬರು ಪುಟ ತೆರೆದಾಗ, ಅದೂ ನೂರಕ್ಕೆ ಒಂದು ಸಲದ ಲೆಕ್ಕದಲ್ಲಿ. ಪಿಎಚ್‌ಪಿ ಜೊತೆ ಬರುವ ಮಾದರಿ ಐಎನ್‌ಐ (ಸೆಟ್ಟಿಂಗ್) ಫೈಲುಗಳಲ್ಲಿ ಅದು ಸಾವಿರಕ್ಕೆ ಒಂದು. ಹಾಗಾಗಿ ಜನ ಕಡಿಮೆಯಿರುವ ದಿನ ಸೆಷನ್ ಗಂಟೆಗಟ್ಟಲೆ ಉಳಿಯುತ್ತದೆ, ಜನ ತುಂಬಿದ ದಿನ ಅರ್ಧ ಗಂಟೆಯಲ್ಲಿ ಹೋಗುತ್ತದೆ. ಟೆಸ್ಟ್ ಸರ್ವರಿನಲ್ಲಿ ಈ ದೋಷ ಕಾಣುವುದೇ ಇಲ್ಲ.

ಡೆಬಿಯನ್, ಉಬುಂಟು ಸರ್ವರ್ ಆದರೆ ಕಥೆ ಬೇರೆ. ಅಲ್ಲಿ ಪಿಎಚ್‌ಪಿ ಗುಡಿಸುವುದಿಲ್ಲ, ಆ ಸಂಭವವನ್ನು 0 ಮಾಡಿರುತ್ತಾರೆ. ಅರ್ಧ ಗಂಟೆಗೊಮ್ಮೆ ಸಿಸ್ಟಂನದೇ ಒಂದು ಕೆಲಸ ಬಂದು ಸೆಷನ್ ಫೋಲ್ಡರ್ ಗುಡಿಸುತ್ತದೆ. ಅದು ನೋಡುವುದು ಐಎನ್‌ಐ ಫೈಲುಗಳನ್ನು. ನೀವು ಸ್ಕ್ರಿಪ್ಟಿನೊಳಗೆ ಐಎನ್‌ಐ_ಸೆಟ್ ಮಾಡಿ ಎರಡು ಗಂಟೆ ಎಂದು ಬರೆದಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಅದೇ ಸ್ಕ್ರಿಪ್ಟಿನಲ್ಲಿ ಸೆಟ್ಟಿಂಗ್‌ಗಳನ್ನು ತೋರಿಸುವ ಪಿಎಚ್‌ಪಿ ಇನ್ಫೋ ಕರೆದರೆ ಎರಡು ಗಂಟೆ ಎಂದೇ ತೋರಿಸುತ್ತದೆ, ಗೂಡು ಮಾತ್ರ ಒಂದು ಗಂಟೆಯೊಳಗೇ ಖಾಲಿ. ಬದಲಾವಣೆ ಐಎನ್‌ಐ ಫೈಲಿನಲ್ಲೇ ಮಾಡಬೇಕು.

ಒಂದೇ ಫೋಲ್ಡರನ್ನು ಎರಡು ಅಪ್ಲಿಕೇಶನ್‌ಗಳು ಹಂಚಿಕೊಂಡಿದ್ದರೂ ಹೀಗೇ ಆಗುತ್ತದೆ. ಪಕ್ಕದ ಅಪ್ಲಿಕೇಶನ್ 24 ನಿಮಿಷದ್ದಾದರೆ ಅದು ಗುಡಿಸುವಾಗ ನಿಮ್ಮ ಗೂಡುಗಳೂ ಹೋಗುತ್ತವೆ. ಸೇವ್_ಪಾತ್ ಬದಲಿಸಿ ಬೇರೆ ಫೋಲ್ಡರ್ ಕೊಡಿ, ಅದು ವೆಬ್ ಫೋಲ್ಡರಿನ ಹೊರಗಿರಲಿ. ಡೆಬಿಯನ್‌ನಲ್ಲಿ ಸ್ಕ್ರಿಪ್ಟಿನಿಂದ ಹಾಗೆ ಬದಲಿಸಿದರೆ ಹೊಸ ಫೋಲ್ಡರನ್ನು ಯಾರೂ ಗುಡಿಸುವುದಿಲ್ಲ. ತಿಂಗಳುಗಟ್ಟಲೆ ಫೈಲುಗಳು ರಾಶಿ ಬೀಳುತ್ತವೆ. ಒಂದು ದಿನ ಡಿಸ್ಕಿನಲ್ಲಿ ಜಾಗ ಇದ್ದರೂ ಐನೋಡ್ (ಪ್ರತಿ ಫೈಲಿಗೂ ಒಂದು ಬೇಕಾಗುವ ಡಿಸ್ಕಿನ ದಾಖಲೆ) ಮುಗಿದು ಹೊಸ ಸೆಷನ್ ಬರೆಯಲು ಆಗುವುದಿಲ್ಲ. ಎರರ್ ಲಾಗ್‌ನಲ್ಲಿ ಸೆಷನ್ ಬರೆಯಲಾಗಲಿಲ್ಲ ಎಂಬ ಸಾಲು ಕಂಡರೆ ಜಾಗ, ಐನೋಡ್ ಎರಡನ್ನೂ ನೋಡಿ. ಫೋಲ್ಡರಿನ ಪರ್ಮಿಷನ್ನನ್ನೂ ನೋಡಿ.

ಗ್ರಾಹಕರಿಗೆ "ಇಷ್ಟು ಹೊತ್ತಿನ ಮೇಲೆ ಲಾಗಿನ್ ಹೋಗುತ್ತದೆ" ಎಂದು ಖಚಿತವಾಗಿ ಹೇಳಬೇಕಾದರೆ ಗುಡಿಸುವವರನ್ನು ನಂಬಬೇಡಿ. ಕೊನೆಯ ಸಲ ಪುಟ ತೆರೆದ ಸಮಯವನ್ನು ಸೆಷನ್‌ನಲ್ಲೇ ಬರೆದಿಟ್ಟು ನೀವೇ ಲೆಕ್ಕ ಹಾಕಿ. ಗುಡಿಸುವ ಅವಧಿ ಅದಕ್ಕಿಂತ ಉದ್ದ ಇರಲಿ.

ಲಾಗ್‌ನಲ್ಲಿ ಒಂದೇ ಐಡಿ ಒಂದು ಸಲ ತುಂಬಿದ್ದು, ಮುಂದಿನ ಸಲ ಖಾಲಿ, ಮತ್ತೆ ತುಂಬಿದ್ದು ಅಂತ ಕಂಡರೆ ಎರಡು ಸರ್ವರ್‌ಗಳಿವೆ. ಟೋಕನ್ ಕೊಟ್ಟದ್ದು ಒಂದು ಸ್ಟ್ಯಾಂಡ್, ಕೇಳುತ್ತಿರುವುದು ಇನ್ನೊಂದರಲ್ಲಿ. ಸೆಷನ್‌ಗಳನ್ನು ಎರಡಕ್ಕೂ ಸಿಗುವ ರೆಡಿಸ್ (ಮೆಮೊರಿಯಲ್ಲಿ ಮಾಹಿತಿ ಇಡುವ ತಂತ್ರಾಂಶ) ಅಥವಾ ಡೇಟಾಬೇಸಿಗೆ ಹಾಕಿ.

ಕೋಡೇ ತೆಗೆದಿದ್ದಾಗ

ಮೊದಲು ನೋಡಬೇಕಾದದ್ದು ರೀಡೈರೆಕ್ಟ್ ನಂತರ ಎಕ್ಸಿಟ್ (ಸ್ಕ್ರಿಪ್ಟನ್ನು ಅಲ್ಲೇ ನಿಲ್ಲಿಸುವ ಸಾಲು) ಇದೆಯಾ ಎಂದು. ಲೊಕೇಶನ್ ಹೆಡರ್ ಕೊಟ್ಟರೆ ಸ್ಕ್ರಿಪ್ಟ್ ನಿಲ್ಲುವುದಿಲ್ಲ, ಕೆಳಗಿನ ಸಾಲುಗಳೂ ಓಡುತ್ತವೆ. ಕೆಳಗೆಲ್ಲೋ "ಫಾರ್ಮ್ ತೋರಿಸುವ ಮೊದಲು ಹಳೇ ಸಂದೇಶ ಅಳಿಸು" ಎಂದಿದ್ದರೆ, ಈಗ ತಾನೇ ಇಟ್ಟ ಸಂದೇಶ ಅಳಿಸಿಹೋಗುತ್ತದೆ. ಶುರುವಿನ ಲಾಗ್ ಸಾಲನ್ನೂ ಕೊನೆಯ ಸಾಲನ್ನೂ ಹೋಲಿಸಿದರೆ ಇದು ಬೇಗ ಸಿಗುತ್ತದೆ.

ಸೆಷನ್‌ನ ಮೇಲ್ಮಟ್ಟದ ಕೀಗೆ ಬರೀ ಅಂಕಿ ಇಡಬೇಡಿ. ಪುಸ್ತಕದ ನಂಬರನ್ನೇ ನೇರ ಕೀ ಮಾಡಿದರೆ ಆ ಪುಟದಲ್ಲಿ ಕಾಣುತ್ತದೆ, ಮುಂದಿನ ಪುಟದಲ್ಲಿ ಇರುವುದಿಲ್ಲ. ಪಿಎಚ್‌ಪಿಯಲ್ಲಿ ಮೊದಲಿಂದ ಇರುವ, ಸೆಷನ್ ಬರೆಯುವ ವಿಧಾನ ಅಂಕಿಯ ಕೀಗಳನ್ನು ಬಿಟ್ಟುಬಿಡುತ್ತದೆ. "ಕಾರ್ಟ್" ಎಂಬ ಒಂದು ಕೀ ಮಾಡಿ, ಅಂಕಿಗಳೆಲ್ಲ ಅದರೊಳಗಿರಲಿ.

ಒಂದೇ ಬ್ರೌಸರಿನ ಎರಡು ಟ್ಯಾಬ್‌ಗಳಿಗೆ ಗೂಡು ಒಂದೇ. "ಈಗ ತಿದ್ದುತ್ತಿರುವ ವಿಳಾಸ" ಎಂದು ಒಂದೇ ವೇರಿಯಬಲ್ ಇಟ್ಟರೆ, ಎರಡನೇ ಟ್ಯಾಬ್ ತೆರೆದ ಕೂಡಲೇ ಮೊದಲನೆಯದರಲ್ಲಿ ಇಟ್ಟದ್ದು ಹೋಗುತ್ತದೆ. ಆಮೇಲೆ ಉಳಿಸಿದರೆ ತಪ್ಪು ವಿಳಾಸಕ್ಕೆ ಬರೆಯುತ್ತದೆ. ಅಂಥ ನಂಬರ್ ಫಾರ್ಮಿನಲ್ಲೇ ಹೋಗಿ ಬರಲಿ. ಬಂದಾಗ ಅದು ಇದೇ ಗ್ರಾಹಕರದ್ದಾ ಎಂದು ಪರೀಕ್ಷಿಸಿ.

ಇನ್ನು ಬೀಗದ ವಿಷಯ. ಫೈಲಿನಲ್ಲಿ ಸೆಷನ್ ಇದ್ದರೆ, ಒಂದು ಸ್ಕ್ರಿಪ್ಟ್ ಮುಗಿಯುವವರೆಗೆ ಅದೇ ಗ್ರಾಹಕರ ಬೇರೆ ಪುಟಗಳು ಸಾಲಿನಲ್ಲಿ ನಿಲ್ಲುತ್ತವೆ. 40 ಸೆಕೆಂಡ್ ಹಿಡಿಯುವ ರಿಪೋರ್ಟ್ ಇದ್ದರೆ ಉಳಿದ ಟ್ಯಾಬ್‌ಗಳೂ 40 ಸೆಕೆಂಡ್ ಸುತ್ತುತ್ತವೆ. ಬೇಕಾದ್ದನ್ನು ಓದಿಕೊಂಡ ಕೂಡಲೇ ಸೆಷನ್_ರೈಟ್_ಕ್ಲೋಸ್ ಕರೆಯಿರಿ. ಅದರ ಕೆಳಗೆ ಸೆಷನ್‌ಗೆ ಏನು ಹಾಕಿದರೂ ಉಳಿಯುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಒಂದು ಕೀ ಮಾತ್ರ ಕಾಣೆಯಾಗಿದ್ದರೆ ಈ ಸಾಲನ್ನು ಹುಡುಕಿ ನೋಡಿ.

ರೆಡಿಸ್‌ಗೆ ಹೋದವರಿಗೆ ತೊಂದರೆ ಇದರ ಉಲ್ಟಾ. ಪಿಎಚ್‌ಪಿಯ ರೆಡಿಸ್ ಎಕ್ಸ್‌ಟೆನ್ಷನ್‌ನಲ್ಲಿ ಸೆಷನ್ ಬೀಗ ಮೊದಲಿಂದ ಹಾಕಿರುವುದಿಲ್ಲ. ಎರಡು ಅಜಾಕ್ಸ್ ಕರೆಗಳು (ಪುಟ ಬದಲಾಗದೆ ಹಿನ್ನೆಲೆಯಲ್ಲಿ ಸರ್ವರಿಗೆ ಹೋಗುವ ಕರೆಗಳು) ಒಟ್ಟಿಗೆ ಬಂದರೆ ಎರಡೂ ಹಳೇ ಸೆಷನ್ ಓದುತ್ತವೆ, ಎರಡೂ ಪೂರ್ತಿ ಸೆಷನ್ನನ್ನು ಬರೆಯುತ್ತವೆ. ಕೊನೆಗೆ ಬರೆದದ್ದು ಉಳಿಯುತ್ತದೆ. ಕಾರ್ಟಿಗೆ ಹಾಕಿದ ಪುಸ್ತಕ ಆಗೊಮ್ಮೆ ಈಗೊಮ್ಮೆ ಕಾಣೆಯಾಗುತ್ತದೆ. ಲಾಕಿಂಗ್ ಸೆಟ್ಟಿಂಗ್ ಆನ್ ಮಾಡಿ.

ಲಾಗಿನ್ ಆದ ಮೇಲೆ ಐಡಿ ಬದಲಾಯಿಸುವುದು ಭದ್ರತೆಗೆ ಬೇಕೇ ಬೇಕು. ಆದರೆ ಪ್ರತಿ ಪುಟದಲ್ಲೂ ಸೆಷನ್_ರಿಜನರೇಟ್_ಐಡಿ ಕರೆದು ಹಳೆಯದನ್ನು ಅಳಿಸುವ ಕೋಡನ್ನು ನಾನು ಹಲವು ಕಡೆ ನೋಡಿದ್ದೇನೆ. ಘಾಟಿಯಲ್ಲಿ ಬಸ್ಸಿನಲ್ಲಿ ಕೂತವರ ನೆಟ್‌ವರ್ಕ್ ಹೋಗಿ ಬರುತ್ತಿರುತ್ತದೆ. ಹೊಸ ಟೋಕನ್ ಹೊತ್ತ ಉತ್ತರ ಅವರಿಗೆ ತಲುಪುವುದೇ ಇಲ್ಲ, ಹಳೆಯದು ಆಗಲೇ ಅಳಿಸಿದೆ. ಲಾಗಿನ್ ಆದಾಗ ಮತ್ತು ಅಧಿಕಾರ ಬದಲಾದಾಗ ಮಾತ್ರ ಬದಲಾಯಿಸಿ.

ಗ್ರಾಹಕರೊಬ್ಬರು "ಲಾಗಿನ್ ಆದರೆ ಬೇರೆ ಯಾರದೋ ಹೆಸರು ಕಾಣುತ್ತಿದೆ" ಎಂದರೆ ಮಾತ್ರ ಮೇಲಿನ ಯಾವುದನ್ನೂ ಹುಡುಕುತ್ತಾ ಕೂರಬೇಡಿ. ಆ ಕ್ಷಣವೇ ಸಿಡಿಎನ್ ಮತ್ತು ಪೇಜ್ ಕ್ಯಾಶ್ (ಪುಟಗಳ ಪ್ರತಿ ಇಟ್ಟುಕೊಂಡು ಬೇಗ ಕೊಡುವ ವ್ಯವಸ್ಥೆಗಳು) ಆಫ್ ಮಾಡಿ. ಒಬ್ಬರಿಗೆ ಕೊಟ್ಟ ಪುಟವನ್ನು, ಅದರ ಸೆಟ್-ಕುಕೀ ಸಾಲಿನ ಸಮೇತ, ಕ್ಯಾಶ್ ಇನ್ನೊಬ್ಬರಿಗೂ ಕೊಡುತ್ತಿರುವ ಸಾಧ್ಯತೆ ಜಾಸ್ತಿ. ಎಲ್ಲ ಸೆಷನ್ ಫೈಲುಗಳನ್ನು ಅಳಿಸಿ, ಎಲ್ಲರೂ ಮತ್ತೆ ಲಾಗಿನ್ ಆಗಲಿ. ಸೆಷನ್ ಇರುವ ಪುಟಗಳನ್ನು ಕ್ಯಾಶ್‌ನಿಂದ ಹೊರಗಿಟ್ಟಿದ್ದೇವೆ ಎಂದು ಹೆಡರ್ ನೋಡಿ ಖಚಿತವಾದ ಮೇಲೆ ಕ್ಯಾಶನ್ನು ಮತ್ತೆ ಆನ್ ಮಾಡಿ.